ಪೋಷಕರ ನಿರಾಸಕ್ತಿ ಅನ್ನುವ ಮೊದಲು ಸಭೆ ಎಷ್ಟು ಗಂಟೆಗೆ ಅಂತ ಕೇಳಿ

ಮಾನ್ಯ ಸಂಪಾದಕರೇ,

ಸರಕಾರಿ ಶಾಲೆಗಳ ಬಗ್ಗೆ ಪತ್ರಿಕೆಯಲ್ಲಿ ಏನೇ ಬಂದರೂ ಎಲ್ಲೋ ಒಂದು ಕಡೆ 'ಪೋಷಕರ ನಿರಾಸಕ್ತಿ' ಅನ್ನುವ ಮಾತು ಬಂದೇ ಬರುತ್ತದೆ. ಮಕ್ಕಳು ಶಾಲೆಗೆ ಸರಿಯಾಗಿ ಬರುತ್ತಿಲ್ಲ, ಪೋಷಕರ ನಿರಾಸಕ್ತಿ. ಐದನೇ ಕ್ಲಾಸಿನ ಹುಡುಗನಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುವುದಿಲ್ಲ, ಪೋಷಕರ ನಿರಾಸಕ್ತಿ. ಸಭೆ ಕರೆದರೆ ನಾಲ್ಕೇ ಜನ ಬಂದರು, ಅದಕ್ಕೂ ಅದೇ. ಹೀಗೆ ಹೇಳುವವರು ಯಾರೂ ಕೆಟ್ಟವರಲ್ಲ. ಆದರೆ ಆ ಸಭೆಯನ್ನು ಎಷ್ಟು ಗಂಟೆಗೆ ಇಟ್ಟಿದ್ದರು ಅಂತ ಕೇಳಿದ ಒಂದೇ ಒಂದು ವರದಿಯನ್ನೂ ನಾನು ಓದಿಲ್ಲ.

ನಾನು ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆ ಜಿಲ್ಲೆಯವರಿಗಾಗಿ ಹೇಳುತ್ತೇನೆ. ಬೆಳಿಗ್ಗೆ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ, ತೆಗೆಯುವುದು, ಯಾರು ಯಾವ ಕೆಲಸಕ್ಕೆ ಹೋದರು ಅಂತ ಬರೆಯುವುದು, ಸಂಜೆ ತೂಕ ಬರೆಯುವುದು, ಬಟವಾಡೆ, ಅಂದರೆ ಕೂಲಿ ಹಂಚುವ, ಲೆಕ್ಕ ಮಾಡುವುದು ನನ್ನ ಕೆಲಸ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರು ಸಾಲಾಗಿ ಇರುವ ಮನೆಗಳ, ಮಕ್ಕಳು ಹೋಗುವ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೇ ನನ್ನ ಮಕ್ಕಳೂ ಹೋಗುತ್ತಾರೆ. ಹಾಗಾಗಿ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನನ್ನ ಹೆಸರೂ ಇದೆ. ಚೆಕ್‌ರೋಲ್ ಪುಸ್ತಕ ಮತ್ತು ಶಾಲೆಯ ನಡಾವಳಿ ಪುಸ್ತಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಬಹುಶಃ ಜಾಸ್ತಿ ಜನಕ್ಕೆ ಸಿಗುವುದಿಲ್ಲ. ನೋಡಿದರೆ ಈ ನಿರಾಸಕ್ತಿ ಬೇರೆಯೇ ಥರ ಕಾಣುತ್ತದೆ.

ನಮ್ಮ ಕಡೆ ರೊಬಸ್ಟಾ ಜಾಸ್ತಿ. ಹೊಸ ವರ್ಷದ ಹೊತ್ತಿಗೆ ಕೊಯ್ಲು ಬಿಸಿಯಾಗುತ್ತದೆ, ಮಾರ್ಚ್ ತನಕ ಎಳೆಯುತ್ತದೆ. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬೇಗ ಗಿಡಕ್ಕೆ ಕೈ ಹಾಕುತ್ತಾರೆ, ಯಾಕೆಂದರೆ ವರ್ಷದಲ್ಲಿ ನಾಲ್ಕು ಕಾಸು ಹೆಚ್ಚಿಗೆ ಕಾಣುವುದು, ಅಂಗಡಿ ಸಾಲ ತೀರುವುದು, ಮದುವೆಗೋ ಕಾಯಿಲೆಗೋ ತಗೊಂಡ ಮುಂಗಡ ಮುರಿಯುವುದು ಎಲ್ಲಾ ಈ ಎರಡು ಮೂರು ತಿಂಗಳಲ್ಲೇ. ಅದೇ ಹೊತ್ತಿಗೆ ಶಾಲೆಯಿಂದ ಚೀಟಿ ಬರುತ್ತದೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ, ತಪ್ಪದೆ ಹಾಜರಾಗಬೇಕು. ಹನ್ನೊಂದಕ್ಕೆ ಶಾಲೆಯಲ್ಲಿರಬೇಕಾದರೆ ಹತ್ತಕ್ಕೇ ತೋಟ ಬಿಡಬೇಕು, ಲೈನಿಗೆ ಹೋಗಿ ಕೈಕಾಲು ತೊಳೆದು ಒಂದು ಒಳ್ಳೆ ಸೀರೆ ಉಡಬೇಕು, ನಡೆದುಕೊಂಡು ಹೋಗಬೇಕು. ಸಭೆ ಮುಗಿಸಿ ವಾಪಸ್ ಬರುವಾಗ ಎರಡು ಗಂಟೆ. ಆ ದಿನ ಹೋಯಿತು ಅಂತಲೇ ಲೆಕ್ಕ. ಮಡಿಕೇರಿ, ಸೋಮವಾರಪೇಟೆ ಕಡೆ ಅರೇಬಿಕಾ ಬೇಗ ಹಣ್ಣಾಗುತ್ತದೆ, ಅಲ್ಲಿ ನವೆಂಬರ್‌ಗೇ ಇದೇ ಪಾಡು. ತಿಂಗಳು ಬೇರೆ, ಕಥೆ ಒಂದೇ.

ಸರಿ, ಒಂದು ದಿನದ ಕೂಲಿ ಬಿಟ್ಟು ಒಬ್ಬ ತಾಯಿ ಬಂದಳು ಅಂತಲೇ ಇಟ್ಟುಕೊಳ್ಳೋಣ. ಅಲ್ಲಿ ಏನು ನಡೆಯುತ್ತದೆ? ಅಧ್ಯಕ್ಷರು ಮಾತಾಡುತ್ತಾರೆ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದಿದ್ದರೆ ಅವರೂ ಮಾತಾಡುತ್ತಾರೆ. ಶೌಚಾಲಯದ ಬಾಗಿಲು, ಕಾಂಪೌಂಡು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಸುಣ್ಣಬಣ್ಣಕ್ಕೆ ಯಾರಾದರೂ ತೋಟದ ಮಾಲೀಕರ ಹತ್ತಿರ ಕೇಳಬೇಕು. ಕೊನೆಗೆ 'ಮಕ್ಕಳನ್ನು ತಪ್ಪದೆ ಕಳಿಸಿ, ಮನೆಯಲ್ಲಿ ಓದಿಸಿ' ಅಂತ ಬುದ್ಧಿಮಾತು. ಟೀ, ಬಿಸ್ಕತ್ತು, ಸಹಿ, ಸಹಿ ಬಾರದವರಿಗೆ ಹೆಬ್ಬೆಟ್ಟು. ಆ ತಾಯಿ ಹಿಂದಿನ ಬೆಂಚಿನಲ್ಲಿ ಕೂತು ಇದೆಲ್ಲಾ ಕೇಳಿ ಎದ್ದು ಹೋಗುತ್ತಾಳೆ. ಅವಳ ಮಗನಿಗೆ ಓದಲು ಬರುತ್ತದೋ ಇಲ್ಲವೋ ಅನ್ನುವುದು ಮಾತ್ರ ಅವಳಿಗೆ ಗೊತ್ತಾಗುವುದಿಲ್ಲ. ಮುಂದಿನ ಸಲ ಅವಳು ಯಾಕೆ ಬರಬೇಕು ಹೇಳಿ?

ಕಾನೂನು ಇದನ್ನು ಹೀಗೆ ಹೇಳಿಲ್ಲ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಶುರುವಾಗಿದ್ದು 2001ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆಗೆ ಎಷ್ಟೋ ಮುಂಚೆ. ಆಮೇಲೆ 2009ರ ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿ. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಂದಿರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದವರ ಮಕ್ಕಳು ಎಷ್ಟಿದ್ದಾರೋ ಅದಕ್ಕೆ ತಕ್ಕ ಹಾಗೆ ಅವರ ಪೋಷಕರಿಗೂ ಜಾಗ ಇರಬೇಕು. ಇದು ಎಲ್ಲರಿಗೂ ಗೊತ್ತು, ಗೋಡೆ ಮೇಲೂ ಬರೆಸಿರುತ್ತಾರೆ. ಜಾಸ್ತಿ ಜನ ಓದದೇ ಇರುವುದು 24ನೇ ಸೆಕ್ಷನ್. ಶಿಕ್ಷಕರು ಪೋಷಕರ ಜೊತೆ ಆಗಾಗ ಸಭೆ ಮಾಡಬೇಕು, ಮಗುವಿನ ಹಾಜರಿ ಹೇಗಿದೆ, ಕಲಿಯುವ ಶಕ್ತಿ ಎಷ್ಟಿದೆ, ಎಲ್ಲಿಯವರೆಗೆ ಕಲಿತಿದೆ ಅಂತ ತಿಳಿಸಬೇಕು ಅಂತ ಅದರಲ್ಲಿದೆ. ಕಾಂಪೌಂಡು ಹೇಗಿದೆ ಅಂತ ಅಲ್ಲ.

ಸಮಿತಿ ಮಾಡಿ, ಹಕ್ಕು ಏನು ಅಂತ ಹೇಳಿಬಿಟ್ಟರೆ ಊರಿನವರು ತಾವಾಗಿಯೇ ಶಾಲೆಯನ್ನು ಎತ್ತಿ ನಿಲ್ಲಿಸುತ್ತಾರೆ ಅಂತ ನಂಬುವವರಿಗೆ ಒಂದು ವಿಷಯ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ಜೊತೆ ಸೇರಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತವರ ತಂಡ ಇದನ್ನೇ ಪರೀಕ್ಷೆ ಮಾಡಿತ್ತು, 2010ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ ಶಾಲಾ ಸಮಿತಿಯ ಸದಸ್ಯರಲ್ಲೇ ಎಷ್ಟೋ ಜನಕ್ಕೆ ತಾವು ಸದಸ್ಯರು ಅನ್ನುವುದೇ ಗೊತ್ತಿರಲಿಲ್ಲ. ಊರೂರಿಗೆ ಹೋಗಿ ಸಭೆ ಮಾಡಿ ಅವರ ಅಧಿಕಾರ ಏನು ಅಂತ ತಿಳಿಸಿದರು. ಇನ್ನು ಕೆಲವು ಊರಲ್ಲಿ ಅದರ ಜೊತೆಗೆ ಮಕ್ಕಳ ಓದನ್ನು ತಾವೇ ಅಳೆಯುವುದು ಹೇಗೆ ಅಂತಲೂ ಕಲಿಸಿಕೊಟ್ಟರು. ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಮೂರನೆಯ ಗುಂಪಿನ ಊರುಗಳಲ್ಲಿ ಮಾತ್ರ ಇದಿಷ್ಟರ ಜೊತೆಗೆ ಊರಿನ ಹುಡುಗ ಹುಡುಗಿಯರಿಗೆ ಮಕ್ಕಳಿಗೆ ಓದು ಕಲಿಸುವ ತರಬೇತಿ ಕೊಟ್ಟು ಶಾಲೆಯ ಹೊತ್ತು ಬಿಟ್ಟು ಓದಿನ ಕ್ಯಾಂಪ್ ನಡೆಸಿದರು. ಅಲ್ಲಿಗೆ ಬಂದ ಮಕ್ಕಳ ಸಂಖ್ಯೆ ಕಡಿಮೆಯೇ, ಆದರೆ ಬಂದವರ ಓದು ಚೆನ್ನಾಗಿ ಸುಧಾರಿಸಿತು. ನನಗೆ ಇದರಿಂದ ಅರ್ಥವಾಗಿದ್ದು ಇಷ್ಟು. 'ನಿಮ್ಮ ಜವಾಬ್ದಾರಿ' ಅಂತ ಜನಕ್ಕೆ ಹೇಳಿದರೆ ಏನೂ ಆಗುವುದಿಲ್ಲ, ಕೈಗೆ ಒಂದು ಕೆಲಸ ಕೊಟ್ಟರೆ ಆಗುತ್ತದೆ.

ನಮ್ಮ ಶಾಲೆಯಲ್ಲಿ ಆಗಿದ್ದೂ ಸುಮಾರು ಹಾಗೇ. ಹೊಸದಾಗಿ ಒಬ್ಬರು ಟೀಚರ್ ಬಂದರು. ಮೊದಲನೇ ವರ್ಷ ಹನ್ನೊಂದು ಗಂಟೆಯ ಸಭೆಯೇ. ಖಾಲಿ ಬೆಂಚು ನೋಡಿ ಅವರು ಬೈಯಲಿಲ್ಲ, ಸೀದಾ ನನ್ನ ಹತ್ತಿರ ಬಂದು 'ರೈಟ್ರೇ, ಇವರೆಲ್ಲಾ ಒಟ್ಟಿಗೆ ಸಿಗುವುದು ಯಾವಾಗ?' ಅಂತ ಕೇಳಿದರು. ನಮ್ಮಲ್ಲಿ ವಾರದ ರಜೆ ಸಂತೆ ದಿನ. ಬೆಳಿಗ್ಗೆ ಎಲ್ಲರೂ ಸಂತೆಗೆ ಹೋಗುತ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್. ಮೂರು ಗಂಟೆಗೆ ಲೈನಿನಲ್ಲಿ ಎಲ್ಲರೂ ಇರುತ್ತಾರೆ. ಗಂಡಸರಲ್ಲಿ ಕೆಲವರು ಅಷ್ಟು ಹೊತ್ತಿಗೆ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಆದರೆ ಹೆಂಗಸರು ಇರುತ್ತಾರೆ, ಅಜ್ಜಿಯರು ಇರುತ್ತಾರೆ. ಸಭೆ ಶಾಲೆಯಲ್ಲಿ ಬೇಡ, ಲೈನಿನ ಮುಂದಿನ ಅಂಗಳದಲ್ಲೇ ಆಗಲಿ ಅಂತ ತೀರ್ಮಾನವಾಯಿತು. ಆರು ಗಂಟೆಯ ಒಳಗೆ ಟೀಚರ್ ಅವರನ್ನು ತೋಟದ ಜೀಪಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಬೇಕು ಅನ್ನುವುದು ಒಂದೇ ಷರತ್ತು. ನಮ್ಮ ಕಡೆ ಕತ್ತಲಾದ ಮೇಲೆ ತೋಟದ ದಾರಿ ಆನೆಗಳದ್ದು.

ಆ ಅಂಗಳದ ಸಭೆ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು. ಭಾಷಣ ಇಲ್ಲ. ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ ಕಲಿ ಅನ್ನುವ ಪದ್ಧತಿಯ ಪಾಠ ಅಲ್ವಾ, ನಮ್ಮ ಪಕ್ಕದ ಎಚ್.ಡಿ.ಕೋಟೆಯಲ್ಲೇ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲಾ ಹಬ್ಬಿದ್ದು. ಅದರಲ್ಲಿ ಪ್ರತಿ ಮಗುವೂ ತನ್ನ ವೇಗಕ್ಕೆ ತಕ್ಕ ಹಾಗೆ ಕಲಿಕಾ ಏಣಿ ಹತ್ತುತ್ತಾ ಹೋಗುತ್ತದೆ. ಹಾಗಾಗಿ 'ಯಾವ ಪಾಠ ನಡೀತಿದೆ' ಅಂತ ತಾಯಿ ಕೇಳಿದರೆ ಮಗುವಿಗೂ ಹೇಳಲು ಬರುವುದಿಲ್ಲ, ಪಕ್ಕದ ಮನೆಯ ಮಗುವಿನ ಪಾಠವೇ ಬೇರೆ, ತನ್ನದೇ ಬೇರೆ. ಟೀಚರ್ ಏನು ಮಾಡುತ್ತಾರೆ ಅಂದರೆ ತರಗತಿಯ ಪ್ರಗತಿ ನೋಟದ ಹಾಳೆಯನ್ನು ಸುರುಳಿ ಸುತ್ತಿ ತರುತ್ತಾರೆ, ನಾಲ್ಕು ಕಾರ್ಡು ತರುತ್ತಾರೆ. ತಾಯಿಯ ಮುಂದೆ ಮಗುವನ್ನು ಕೂರಿಸಿ ಒಂದು ಕಾರ್ಡು ಓದಿಸುತ್ತಾರೆ. ಓದಿತು ಅಂದರೆ ಬೆರಳಿಟ್ಟು ತೋರಿಸುತ್ತಾರೆ, ದೀಪಾವಳಿ ಹೊತ್ತಿಗೆ ಇಲ್ಲಿದ್ದ, ಈಗ ಇಲ್ಲಿಗೆ ಬಂದಿದ್ದಾನೆ ಅಂತ. ತಡವರಿಸಿದರೆ ಅದನ್ನೂ ಹೇಳುತ್ತಾರೆ, ಒತ್ತಕ್ಷರ ಬಂದ ಕಡೆ ನಿಲ್ಲುತ್ತಾನೆ ನೋಡಿ ಅಂತ. ಐದೇ ನಿಮಿಷ. ಅಕ್ಷರ ಬಾರದ ತಾಯಿಗೂ ತನ್ನ ಮಗ ಎಲ್ಲಿ ನಿಂತ ಅಂತ ಕಿವಿಯಿಂದಲೇ ಗೊತ್ತಾಗುತ್ತದೆ.

ಆಮೇಲೆ ಮನೆಗೆ ಒಂದೇ ಒಂದು ಕೆಲಸ. 'ಓದಿಸಿ' ಅಂತ ಅಲ್ಲ. ಓದಲು ಬಾರದವರು ಹೇಗೆ ಓದಿಸುತ್ತಾರೆ? ಕೊಯ್ಲಿನ ಸಮಯದಲ್ಲಿ ನಾನು ದಿನಾ ಸಂಜೆ ತೂಕದ ಚೀಟಿ ಕೊಡುತ್ತೇನೆ, ಯಾರದ್ದು ಎಷ್ಟು ಕಿಲೋ ಅಂತ. ಆ ಚೀಟಿಯನ್ನು ಮಗುವಿನ ಕೈಯಲ್ಲಿ ಓದಿಸಿ, ವಾರದ್ದನ್ನು ಕೂಡಿಸಲು ಹೇಳಿ, ಅಷ್ಟೇ ಅಂದರು ಟೀಚರ್. ಮೊದಮೊದಲು ನನಗೆ ನಗು ಬಂತು. ಆಮೇಲೆ ಒಂದು ಬಟವಾಡೆ ದಿನ ಯರವ ಅನ್ನುವ ಬುಡಕಟ್ಟಿನ ಹೆಂಗಸೊಬ್ಬಳು, ಹತ್ತು ವರ್ಷದಲ್ಲಿ ಒಂದು ಸಲವೂ ನನ್ನ ಲೆಕ್ಕ ಕೇಳದವಳು, ಮೂರನೇ ಕ್ಲಾಸಿನ ಮಗಳ ಕೈ ಹಿಡಿದು ಆಫೀಸ್ ಬಾಗಿಲಿಗೆ ಬಂದಳು. ಮಗಳು ನೋಟ್‌ಬುಕ್ಕಿನಲ್ಲಿ ವಾರದ ಕಿಲೋ ಒಂದರ ಕೆಳಗೊಂದು ಬರೆದು ಕೂಡಿಸಿದ್ದಳು, ಹತ್ತರ ಸ್ಥಾನಕ್ಕೆ ಏರಿಸಿದ ಅಂಕಿಯನ್ನು ಮೇಲೆ ಪುಟ್ಟದಾಗಿ ಬರೆದಿದ್ದಳು. 'ರೈಟ್ರೇ, ನಮ್ಮ ಹುಡುಗಿ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಸರಿ ಇದೆಯಾ ನೋಡಿ' ಅಂದಳು. ಸರಿಯಾಗಿಯೇ ಇತ್ತು. ಈಗ ಬಟವಾಡೆ ದಿನ ನಾಲ್ಕೈದು ನೋಟ್‌ಬುಕ್ ಬರುತ್ತವೆ. ನನಗೆ ಕೆಲಸ ಜಾಸ್ತಿಯಾಯಿತು, ಮೇಸ್ತ್ರಿಗೆ ಸ್ವಲ್ಪ ಇರುಸುಮುರುಸು ಆಗಿದೆ. ಆಗಲಿ ಬಿಡಿ.

ಕೊಯ್ಲು ಇಲ್ಲದ ತಿಂಗಳಲ್ಲಿ ಬೇರೆ. ಟೀ ಪುಡಿ ಪ್ಯಾಕೆಟ್ ಮೇಲಿನ ಅಕ್ಷರ ಓದುವುದು, ಬಸ್ಸಿನ ಬೋರ್ಡು ಓದುವುದು, ರೇಷನ್ ಎಷ್ಟು ಬಂತು ಅಂತ ಬರೆಯುವುದು, ಅಜ್ಜಿ ಹೇಳಿದ ಕಥೆಯನ್ನು ಕ್ಲಾಸಿನಲ್ಲಿ ಬಂದು ಹೇಳುವುದು. ಯಾವುದಕ್ಕೂ ದುಡ್ಡು ಬೇಡ.

ಟೀಚರ್ ಮಕ್ಕಳ ಮನೆಗೆ ಹೋಗುವ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಊರಿನಲ್ಲಿ 1998ರ ಸುಮಾರಿಗೆ ಶಿಕ್ಷಕರು ಮಕ್ಕಳ ಮನೆಗೆ ಹೋಗುವ ಪದ್ಧತಿ ಶುರುವಾಗಿ ಬೇರೆ ಬೇರೆ ಕಡೆಗೂ ಹಬ್ಬಿದೆ. ಅವರ ನಿಯಮಗಳು ನನಗೆ ತುಂಬಾ ಹಿಡಿಸಿದವು. ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತಾರೆ. ಎರಡೂ ಕಡೆಯವರು ಒಪ್ಪಿದರೆ ಮಾತ್ರ. ಶಿಕ್ಷಕರಿಗೆ ಅದಕ್ಕೆ ತರಬೇತಿ ಇದೆ, ಆ ಹೊತ್ತಿಗೆ ಸಂಭಾವನೆಯೂ ಇದೆ. ಮೊದಲ ಭೇಟಿಯಲ್ಲಿ ದೂರು ಹೇಳುವಂತಿಲ್ಲ, ನಿಮ್ಮ ಮಗುವಿನ ಬಗ್ಗೆ ನಿಮ್ಮ ಆಸೆ ಏನು ಅಂತ ಕೇಳಬೇಕು. ಎಲ್ಲಕ್ಕಿಂತ ಮುಖ್ಯ, ತುಂಟ ಮಕ್ಕಳ ಅಥವಾ ದಡ್ಡರು ಅನಿಸಿಕೊಂಡ ಮಕ್ಕಳ ಮನೆಗೆ ಮಾತ್ರ ಹೋಗುವಂತಿಲ್ಲ. ನಮ್ಮಲ್ಲಿ ಟೀಚರ್ ಲೈನಿಗೆ ಬಂದರು ಅಂದರೆ ಹಿಂದೆಲ್ಲಾ ಯಾವನೋ ಹುಡುಗ ಏನೋ ಮಾಡಿಕೊಂಡಿದ್ದಾನೆ ಅಂತಲೇ ಅರ್ಥ. ತಾಯಿ ಬಾಗಿಲ ಹಿಂದೆ, ಹುಡುಗ ಹಿತ್ತಲಿನಲ್ಲಿ. ಈ ಟೀಚರ್ ಎಲ್ಲರ ಮನೆಗೂ ಹೋಗಲು ಶುರು ಮಾಡಿದ ಮೇಲೆ ಆ ಹೆದರಿಕೆ ಹೋಯಿತು.

ಇದು ನಮಗೇನೂ ಹೊಸದಲ್ಲ. 2020ರಲ್ಲಿ ಕೊರೊನಾ ಅಂತ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅಂತ ಬಂತಲ್ಲ, ಶಿಕ್ಷಕರು ಊರೊಳಗೆ ಬಂದು ಮರದ ಕೆಳಗೆ, ದೇವಸ್ಥಾನದ ಕಟ್ಟೆ ಮೇಲೆ ಪಾಠ ಮಾಡಿದರು. ಪಾಠ ಅಂದರೆ ಹೇಗಿರುತ್ತದೆ ಅಂತ ನಮ್ಮ ಲೈನಿನ ಎಷ್ಟೋ ತಂದೆ ತಾಯಂದಿರು ಮೊದಲ ಸಲ ಕಣ್ಣಾರೆ ನೋಡಿದ್ದು ಆಗಲೇ. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು, ಸೋಂಕಿನ ಭಯ ಇತ್ತು, ಸರಿ. ಆದರೆ ಶಾಲೆ ಮತ್ತೆ ತೆರೆದ ಮೇಲೆ ಅದರಲ್ಲಿ ಒಳ್ಳೆಯದು ಏನಿತ್ತೋ ಅದನ್ನೂ ಬಿಟ್ಟುಬಿಟ್ಟೆವು. 'ಸಮುದಾಯದತ್ತ ಶಾಲೆ' ಅಂತ ಇಲಾಖೆಯದ್ದೇ ಒಂದು ಕಾರ್ಯಕ್ರಮ ಇದೆ, ಮಕ್ಕಳ ಪ್ರಗತಿಯನ್ನು ಪೋಷಕರಿಗೆ ತೋರಿಸುವುದಕ್ಕೆಂದೇ. ಹೆಸರಿನಲ್ಲಿ ಶಾಲೆ ಸಮುದಾಯದ ಕಡೆ ಹೊರಟಿದೆ, ಹೆಚ್ಚಿನ ಕಡೆ ಸಮುದಾಯವೇ ಶಾಲೆಗೆ ಬರಬೇಕು, ಅದೂ ಕೆಲಸದ ದಿನ.

ಭಾಷೆಯ ವಿಷಯ ಬಿಟ್ಟರೆ ಕೊಡಗಿನ ಶಾಲೆಯ ಬಗ್ಗೆ ಮಾತಾಡಿದ ಹಾಗೇ ಆಗುವುದಿಲ್ಲ. ನಮ್ಮ ಒಂದೇ ಶಾಲೆಯ ಮಕ್ಕಳ ಮನೆಗಳಲ್ಲಿ ಯರವ, ಜೇನುಕುರುಬ, ಮಲಯಾಳ, ತಮಿಳು, ತುಳು, ಅರೆಭಾಷೆ, ಈಗ ಕೆಲವು ವರ್ಷದಿಂದ ಅಸ್ಸಾಂ ಕಡೆಯಿಂದ ಬಂದವರ ಮಾತು. ಒಂದನೇ ಕ್ಲಾಸಿಗೆ ಬಂದ ಮಗುವಿಗೆ ಟೀಚರ್ ಹೇಳಿದ್ದು ಅರ್ಥವಾಗಲು ತಿಂಗಳುಗಟ್ಟಲೆ ಬೇಕು, ಅದರ ತಾಯಿಗಂತೂ ಸಭೆಯಲ್ಲಿ ಬಾಯಿ ಬಿಡಲು ನಾಚಿಕೆ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಕ್ಕ ಮೂರು ಭಾಷೆ ಮಾತಾಡುತ್ತಾರೆ, ಎಲ್ಲಾ ಮನೆಯೂ ಅವರಿಗೆ ಗೊತ್ತು, ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಅನ್ನುವುದು ಮುಖ ನೋಡಿಯೇ ಗೊತ್ತಾಗುತ್ತದೆ. ಅಂಗಳದ ಸಭೆಯಲ್ಲಿ ಟೀಚರ್ ಪಕ್ಕದಲ್ಲಿ ಕೂರುವುದು ಅವರೇ. ಆದರೆ ನಡಾವಳಿ ಪುಸ್ತಕದಲ್ಲಿ ಅವರ ಹೆಸರಿಗೆ ಜಾಗ ಇಲ್ಲ, ಈ ಕೆಲಸಕ್ಕೆ ಅವರಿಗೆ ಒಂದು ರೂಪಾಯಿ ಜಾಸ್ತಿ ಕೊಡುವ ದಾರಿಯೂ ಇಲ್ಲ.

ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ, ಪೋಷಕರ ಜೊತೆ ಸಂಪರ್ಕದಲ್ಲಿದ್ದೇವೆ ಅನ್ನುವ ಶಾಲೆಗಳೂ ಇವೆ. ನಮ್ಮಲ್ಲೂ ಇದೆ. ಅದರಲ್ಲಿ ಇರುವುದು ಸ್ಮಾರ್ಟ್‌ಫೋನ್ ಇರುವವರು, ಕನ್ನಡ ಓದಲು ಬರುವವರು, ಅಂದರೆ ಅಷ್ಟಾಗಿ ಚಿಂತೆ ಮಾಡಬೇಕಿಲ್ಲದ ಮನೆಯವರು. ಜುಲೈ ಮಳೆಯಲ್ಲಿ ಕರೆಂಟು ಹೋಗುತ್ತದೆ, ಅದರ ಹಿಂದೆ ನೆಟ್‌ವರ್ಕೂ ಹೋಗುತ್ತದೆ. ಜಿಲ್ಲಾಧಿಕಾರಿಗಳು ರಾತ್ರಿ ರಜೆ ಘೋಷಿಸಿದ್ದು ಗೊತ್ತಾಗದೆ ಪ್ಲಾಸ್ಟಿಕ್ ಹೊದ್ದು ಮಕ್ಕಳು ಬೆಳಿಗ್ಗೆ ಶಾಲೆ ಬಾಗಿಲಿಗೆ ಬಂದು ನಿಂತಿದ್ದನ್ನು ನಾನೇ ನೋಡಿದ್ದೇನೆ. ಈಗ ಟೀಚರ್ ಬರೆದು ಹಾಕುವುದಿಲ್ಲ, ಮಾತಾಡಿ ಧ್ವನಿ ಸಂದೇಶ ಕಳಿಸುತ್ತಾರೆ, ಜೊತೆಗೆ ನನಗೂ ಮೇಸ್ತ್ರಿಗೂ ಒಂದು ಫೋನ್. ಚೆಕ್‌ರೋಲ್ ಹೊತ್ತಿಗೆ ನಾವು ಎಲ್ಲರಿಗೂ ಕೂಗಿ ಹೇಳುತ್ತೇವೆ. ಅದು ವಾಟ್ಸಾಪ್‌ಗಿಂತ ಚೆನ್ನಾಗಿ ತಲುಪುತ್ತದೆ.

ಇನ್ನು ಗೈರುಹಾಜರಿ. ಕೊಯ್ಲಿನ ಸಮಯದಲ್ಲಿ ಶಾಲೆ ತಪ್ಪಿಸುವುದು ಯಾರು ಅಂತ ಹಾಜರಿ ಪುಸ್ತಕ ನೋಡಿ. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದನೇ ಕ್ಲಾಸಿನ ಹುಡುಗಿಯರು. ಕಾಫಿ ಕೊಯ್ಯಲು ಅಲ್ಲ, ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು. ತಾಯಿ ಗಿಡದ ಹತ್ತಿರ, ಎರಡು ವರ್ಷದ ಮಗು ಲೈನಿನಲ್ಲಿ. ಅಲ್ಲಿಗೆ ಅಕ್ಕ ಬೇಕು. ಇದು ಶಿಕ್ಷಣ ಇಲಾಖೆಯಿಂದ ಬಗೆಹರಿಯುವ ವಿಷಯ ಅಲ್ಲವೇ ಅಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಲ್ಲೇ ಇಷ್ಟು ಹೆಂಗಸರು ಕೆಲಸಕ್ಕಿದ್ದರೆ ಶಿಶುವಿಹಾರ ಇರಬೇಕು ಅಂತ ಬರೆದಿದ್ದರು. ದೊಡ್ಡ ಎಸ್ಟೇಟುಗಳಲ್ಲಿ ಇದೆ. ಚಿಕ್ಕ ತೋಟಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಕ್ಕಪಕ್ಕದ ನಾಲ್ಕು ಚಿಕ್ಕ ತೋಟದವರು ಸೇರಿ ಕೊಯ್ಲಿನ ತಿಂಗಳಿಗೆ ಒಬ್ಬ ಆಯಾ ಇಟ್ಟರೆ ಯಾರ ಮನೆಯೂ ಮುಳುಗುವುದಿಲ್ಲ. ನಮ್ಮ ಮಾಲೀಕರು ಹೋದ ಸೀಸನ್‌ನಿಂದ ಒಬ್ಬ ವಯಸ್ಸಾದ ಹೆಂಗಸನ್ನು ಚೆಕ್‌ರೋಲ್‌ಗೇ ಹಾಕಿಕೊಂಡು ಮಕ್ಕಳನ್ನು ನೋಡಿಕೊಳ್ಳಲು ಬಿಟ್ಟರು. ಆ ಹುಡುಗಿಯರಲ್ಲಿ ಹೆಚ್ಚಿನವರು ಮಾರನೇ ವಾರವೇ ಶಾಲೆಯಲ್ಲಿದ್ದರು. ತಾಯಂದಿರು ಗಿಡದಿಂದ ಗಿಡಕ್ಕೆ ಮೈಮರೆತು ಕೊಯ್ಯುತ್ತಾರೆ, ಮಧ್ಯೆ ಲೈನಿಗೆ ಓಡುವುದಿಲ್ಲ, ಮಾಲೀಕರಿಗೂ ಲಾಭವೇ.

ಸೀಸನ್‌ಗೆ ಬೇರೆ ತಾಲೂಕಿನಿಂದ, ಬೇರೆ ರಾಜ್ಯದಿಂದ ಬರುವ ಮನೆಯವರ ಮಕ್ಕಳ ಪಾಡು ಇನ್ನೂ ಕಷ್ಟ. ಟಿಸಿ ಇಲ್ಲ ಅಂತ ಕೆಲವು ಶಾಲೆಗಳಲ್ಲಿ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಟಿಸಿ ತಡವಾಯಿತು ಅಂತ ದಾಖಲಾತಿ ನಿರಾಕರಿಸುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ. ತೋಟದ ರೈಟರ್‌ಗಳು ಇದೊಂದನ್ನು ತಿಳಿದುಕೊಂಡಿದ್ದರೆ ಸಾಕು, ಹೊಸ ಮನೆಯವರು ಲೈನಿಗೆ ಬಂದ ದಿನವೇ ಮಕ್ಕಳಿದ್ದಾರಾ ಅಂತ ಕೇಳಿ ಶಾಲೆಗೆ ತಿಳಿಸಬಹುದು. ಆಧಾರ್ ಕಾರ್ಡು ಕೇಳುತ್ತೇವಲ್ಲ, ಅದರ ಜೊತೆಗೇ.

ಇಷ್ಟೆಲ್ಲಾ ಹೇಳಿದ ಮೇಲೆ ಟೀಚರ್‌ಗಳ ಪರವಾಗಿಯೂ ಮಾತಾಡಬೇಕು. ಕಿರಿಯ ಪ್ರಾಥಮಿಕ ಶಾಲೆ ಅಂದರೆ ನಮ್ಮಲ್ಲಿ ಒಬ್ಬರೋ ಇಬ್ಬರೋ. ಐದು ಕ್ಲಾಸು, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬಿಸುವುದು, ಮೀಟಿಂಗು, ತರಬೇತಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ, ಹೇಳಿಕೊಂಡೇ ಇದೆ. ಇದರ ಮೇಲೆ ಸಂತೆ ದಿನವೂ ಬನ್ನಿ ಅಂದರೆ ಅವರ ಮನೆ ಗತಿ ಏನು? ನಮ್ಮ ಟೀಚರ್ ಬರುತ್ತಿರುವುದು ಅವರ ಒಳ್ಳೆಯತನದಿಂದ. ಒಳ್ಳೆಯತನದ ಮೇಲೆ ಒಂದು ಶಾಲೆ ನಡೆಯಬಹುದು, ಜಿಲ್ಲೆಯ ಶಾಲೆಗಳೆಲ್ಲಾ ನಡೆಯುವುದಿಲ್ಲ. ಅವರಿಗೆ ವರ್ಗವಾದರೆ ಮುಂದಿನವರು ಮತ್ತೆ ಗುರುವಾರ ಹನ್ನೊಂದು ಗಂಟೆಗೇ ಸಭೆ ಇಡಬಹುದು.

ಅದಕ್ಕೇ ಈ ಪತ್ರ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯವರು ಮನಸ್ಸು ಮಾಡಿದರೆ ಕೊಯ್ಲಿನ ತಾಲೂಕುಗಳಲ್ಲಿ ಪೋಷಕರ ಸಭೆಯನ್ನು ಸಂಜೆಗೋ ಸಂತೆ ದಿನಕ್ಕೋ ಇಡಬಹುದು ಅಂತ ಲಿಖಿತವಾಗಿ ಹೇಳಲಿ, ರಜೆ ದಿನ ಬಂದ ಶಿಕ್ಷಕರಿಗೆ ಬದಲಿ ರಜೆ ಕೊಡಲಿ. ತೋಟದ ಮಾಲೀಕರ ಸಂಘಗಳು ವರ್ಷಕ್ಕೆ ಮೂರು ಸಲ, ಒಂದೊಂದು ಗಂಟೆ, ಕೂಲಿ ಕಡಿಯದೆ ಪೋಷಕರನ್ನು ಬಿಡುವ ಬಗ್ಗೆ ತಮ್ಮ ಸಭೆಯಲ್ಲಿ ಒಂದು ಮಾತು ಆಡಲಿ, ಚೆಕ್‌ರೋಲ್‌ನಲ್ಲಿ ಅದನ್ನು ಹೇಗೆ ತೋರಿಸುವುದು ಅಂತ ನಾವು ರೈಟರ್‌ಗಳು ನೋಡಿಕೊಳ್ಳುತ್ತೇವೆ. ಅಡುಗೆಯವರಿಗೆ, ಅಂಗನವಾಡಿಯವರಿಗೆ ಸಭೆಯ ದಿನಕ್ಕೆ ಒಂದು ಭತ್ಯೆ ಸಿಗುವ ಹಾಗೆ ಮಾಡಲು ಕಾನೂನು ಗೊತ್ತಿರುವವರು ದಾರಿ ಹುಡುಕಲಿ.

ಇದರಿಂದ ಎಲ್ಲಾ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ನಮ್ಮ ಶಾಲೆಯಲ್ಲಿ ಇನ್ನೂ ಸರಿಯಾಗಿ ಓದಲು ಬಾರದ ಮಕ್ಕಳಿದ್ದಾರೆ. ಒಂದು ಸಲವೂ ಅಂಗಳಕ್ಕೆ ಬಾರದ ಅಪ್ಪಂದಿರು ಇದ್ದಾರೆ. ಸ್ವಲ್ಪ ಅನುಕೂಲ ಇರುವವರು ಬೆಳಿಗ್ಗೆ ಬರುವ ಖಾಸಗಿ ಶಾಲೆಯ ಹಳದಿ ವ್ಯಾನಿಗೇ ಮಕ್ಕಳನ್ನು ಹತ್ತಿಸುತ್ತಾರೆ, ಅದು ಬೇರೆ ಪತ್ರಕ್ಕೆ ಆಗುವಷ್ಟು ವಿಷಯ. ಆದರೆ ಜನವರಿಯ ಹಾಜರಿ ಪುಸ್ತಕ ಮೊದಲಿನಷ್ಟು ಖಾಲಿ ಇಲ್ಲ, ಮಗ ಯಾವ ಕಾರ್ಡಿನಲ್ಲಿದ್ದಾನೆ ಅಂತ ಟೀಚರನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವ ತಾಯಂದಿರಿದ್ದಾರೆ. ಇವರನ್ನೇ ಅಲ್ವಾ ಇಷ್ಟು ವರ್ಷ ನಿರಾಸಕ್ತರು ಅಂದಿದ್ದು?

ನಂಬಿಕೆ ಬಾರದಿದ್ದರೆ ನಿಮ್ಮ ವರದಿಗಾರರನ್ನು ಕಳಿಸಿ. ಈ ತಿಂಗಳ ಕೊನೆಯ ಸಂತೆ ದಿನ ಮಧ್ಯಾಹ್ನ ಮೂರಕ್ಕೆ ಸಭೆ ಇದೆ. ಬೈಕಿನಲ್ಲಿ ಬರುವುದಾದರೆ ಐದೂವರೆಗೆ ಹೊರಟುಬಿಡಬೇಕು, ಹಿಂಡಿನಿಂದ ಬೇರೆಯಾದ ಒಂಟಿ ಸಲಗ ಮೊನ್ನೆಯಿಂದ ಗೇಟಿನ ಹತ್ತಿರದ ಹಲಸಿನ ಮರ ಬಿಟ್ಟು ಕದಲಿಲ್ಲ.

ಇಂತಿ,
ಒಬ್ಬ ತೋಟದ ರೈಟರ್,
ಸಿದ್ದಾಪುರ ಕಡೆ, ಕೊಡಗು